ಮರ್ಯಾದೆಯ ಕಾಗದ

ನಮ್ಮ ಮನೆಯಲ್ಲಿ ಮರ್ಯಾದೆ ಎಂಬ ಮಾತಿಗೆ ಇದ್ದಷ್ಟು ಕೆಲಸ ಪೊರಕೆಗೂ ಇರಲಿಲ್ಲ. ಕಿಟಕಿಯ ಪರದೆ ಸರಿದಿದ್ದರೆ ಮರ್ಯಾದೆ, ನಗು ಬೀದಿಗೆ ಕೇಳಿಸಿದರೆ ಮರ್ಯಾದೆ, ನೆಂಟರ ಮುಂದೆ ಬಿರುಕುಬಿಟ್ಟ ಲೋಟ ಇಟ್ಟರೂ ಮರ್ಯಾದೆ. ಸೊಸೆಯಾಗಿ ಬಂದ ಹೊಸದರಲ್ಲಿ ನನಗಿದು ತಮಾಷೆಯಾಗಿ ಕಂಡಿತ್ತು. ಮಾವನವರ ಮೇಲೆ ಮಾತ್ರ ನಿಜವಾದ ಗೌರವವಿತ್ತು. ಅವರು ಗಡಿಯಾರ ರಿಪೇರಿಯವರು. ಚಿನ್ನದ ಕೈಗಡಿಯಾರವನ್ನೂ ಜನ ಚೀಟಿ ಕೇಳದೆ ಅವರ ಕೈಗಿಟ್ಟು ಹೋಗುತ್ತಿದ್ದರು. ಕೆಡದ ಚಕ್ರವನ್ನು ಕೆಟ್ಟಿದೆ ಎಂದು ಅವರು ಒಂದು ದಿನವೂ ಹೇಳಿದವರಲ್ಲ. ಅದೂ ಮರ್ಯಾದೆಯೇ.

ಅವರ ಮಗಳನ್ನು, ಅಂದರೆ ನನ್ನ ನಾದಿನಿಯನ್ನು, ಎಲ್ಲರೂ ಕರೆಯುತ್ತಿದ್ದುದು ಚೂಟಿ ಎಂದು. ಇಪ್ಪತ್ತೆರಡರ ಹುಡುಗಿ. ಪುಸ್ತಕ ಬೈಂಡಿಂಗ್ ಮಾಡುವಲ್ಲಿ ಹಾಳೆ ಮಡಚಿ ಹೊಲಿಯುವ ಕೆಲಸ. ಬೆರಳ ತುದಿಯಲ್ಲಿ ಸದಾ ಒಣಗಿದ ಅಂಟು, ಬಾಯಲ್ಲಿ ಸದಾ ಒಂದು ಸುದ್ದಿ.

"ಅತ್ತಿಗೆ, ಇವತ್ತು ಒಂದು ಪತ್ತೇದಾರಿ ಪುಸ್ತಕಕ್ಕೆ ಕೊನೇ ಭಾಗ ಮೊದಲು ಹೊಲಿದುಬಿಟ್ಟೆ. ಪಾಪ, ಕೊಲೆ ಆಗೋ ಮೊದಲೇ ಕೊಲೆಗಾರ ಸಿಕ್ಕಿಬಿದ್ದ!"

ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಒಂದು ಸಂಜೆ ಅವಳು ತನ್ನ ಲಂಗ ತಂದು, "ಸೊಂಟ ಬಿಗೀತಿದೆ, ಸ್ವಲ್ಪ ಸಡಿಲ ಮಾಡಿಕೊಡಿ" ಎಂದಳು. ಎರಡು ಬೆರಳಿನಷ್ಟು ಬಿಟ್ಟುಕೊಟ್ಟೆ. ಮೂರು ವಾರಕ್ಕೆ ಮತ್ತೆ ತಂದಳು, ಮತ್ತೆ ಬಿಟ್ಟುಕೊಟ್ಟೆ. ಆಗ ನೋಡಿದೆ: ಕೈಕಾಲು ಬತ್ತಿದ್ದವು, ಹೊಟ್ಟೆ ಮಾತ್ರ ಉಬ್ಬಿತ್ತು. ಬೆಳಗಿನ ಹೊತ್ತು ಬಚ್ಚಲಿನಿಂದ ವಾಂತಿಯ ಸದ್ದು ಕೇಳಿದ್ದೂ ನೆನಪಾಯಿತು.

"ಮುಟ್ಟಾಗಿ ಎಷ್ಟು ದಿನ ಆಯ್ತು?" ಎಂದೆ.

"ಎರಡು ತಿಂಗಳಾಯ್ತೇನೋ. ಯಾಕೆ?"

ಯಾಕೆಂದು ನಾನು ಅವಳಿಗೆ ಹೇಳಲಿಲ್ಲ. ಅತ್ತೆಗೆ ಹೋಗಿ ಹೇಳಿದೆ. ಈ ಕಥೆಯ ಮೊದಲ ತಪ್ಪು ನನ್ನದು. ಅದನ್ನು ಬಚ್ಚಿಟ್ಟು ಉಳಿದವರ ತಪ್ಪು ಹೇಳುವ ಹಕ್ಕು ನನಗಿಲ್ಲ.

ಅತ್ತೆ ಅಡುಗೆಮನೆಯ ಬಾಗಿಲು ಹಾಕಿ ಮಗಳನ್ನು ನಿಲ್ಲಿಸಿಕೊಂಡರು. "ಯಾರವನು?"

"ಯಾವನು ಅಂದ್ರೆ?"

"ನಾಟಕ ಆಡಬೇಡ. ಕನ್ನಡಿ ಮುಂದೆ ನಿಂತ್ಕೊಂಡು ನಿನ್ನ ಹೊಟ್ಟೆ ನೋಡ್ಕೋ."

ಚೂಟಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಮೊದಲು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿದಳು. ಆ ನೋಟವನ್ನು ನಾನು ಮರೆಯಲಾರೆ. "ಅಮ್ಮಾ, ನನ್ನ ಯಾರೂ ಮುಟ್ಟಿಲ್ಲ. ಹೊಟ್ಟೆ ನೋಯುತ್ತೆ. ಡಾಕ್ಟರ ಹತ್ರ ಕರ್ಕೊಂಡು ಹೋಗು."

"ಹೋಗಿ ಏನಂತ ಹೇಳ್ಲಿ? ಮಾನ ಹರಾಜಿಗಿಡೋಕೆ ಬಂದಿದೀನಿ ಅಂತಾನಾ?"

ಅಂದಿನಿಂದ ಮನೆಯಲ್ಲಿ ಎಲ್ಲರ ಕಣ್ಣೂ ಎಲ್ಲರ ಮೇಲೆ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ನನ್ನ ಗಂಡ ತಂಗಿಯ ಫೋನು ಕಿತ್ತುಕೊಂಡು ಒಂದೊಂದೇ ಸಂದೇಶ ವಿಂಗಡಿಸಲು ಕುಳಿತರು. "ನಾಳೆ ಬೇಗ ಬಾ" ಎಂದು ಬೈಂಡಿಂಗ್ ಮೇಸ್ತ್ರಿ ಕಳಿಸಿದ ಒಂದು ಸಾಲು ಸಿಕ್ಕಿತು. ಆ ಮೇಸ್ತ್ರಿ ಮೊಮ್ಮಕ್ಕಳಿದ್ದ ಮುದುಕ. "ಬೆಂಕಿ ಇಲ್ದೆ ಹೊಗೆ ಏಳುತ್ತಾ?" ಎಂದರು ಗಂಡ. ಕಾಮಾಲೆ ಕಣ್ಣಿಗೆ ಮೇಸ್ತ್ರಿಯೂ ಹಳದಿ, ಹಾಲು ಹಾಕುವವನೂ ಹಳದಿ. ನನ್ನನ್ನೂ ಬಿಡಲಿಲ್ಲ. "ಎರಡು ಸಲ ಲಂಗದ ಸೊಂಟ ಬಿಟ್ಟುಕೊಟ್ಟವಳು ನೀನು. ನಿನಗೆಲ್ಲ ಗೊತ್ತಿತ್ತು, ಅಲ್ವಾ?"

ನಾನು ಮಾವನವರ ಬಳಿ ಹೋಗಿ ಬೇಡಿಕೊಂಡೆ. "ಮಾವಾ, ಔಷಧಿ ಅಂಗಡಿಯಲ್ಲಿ ಬಸಿರು ಪರೀಕ್ಷೆ ಮಾಡೋ ಪಟ್ಟಿ ಸಿಗುತ್ತೆ. ಐದು ನಿಮಿಷದಲ್ಲಿ ತಿಳಿಯುತ್ತೆ. ನಾನೇ ತರ್ತೀನಿ."

"ಅಂಗಡಿಯವನಿಗೆ ಬಾಯಿಲ್ವೇನಮ್ಮಾ? ಊರ ಬಾಗಿಲು ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗಲ್ಲ."

"ಅವಳು ಹೇಳ್ತಿರೋದು ನಿಜ ಆಗಿದ್ರೆ?"

ಅವರು, "ನಿಜ ಆಗಿದ್ರೂ ಪರೀಕ್ಷೆಗೆ ಹೋಗಿ ಬಂದದ್ದಷ್ಟೇ ಜನಕ್ಕೆ ಕಾಣೋದು" ಎಂದರು.

ಚೂಟಿಯನ್ನು ಮಹಡಿಯ ಕೋಣೆಯಲ್ಲಿಟ್ಟು ಬೀಗ ಹಾಕಿದರು. ಕೀಲಿ ಅತ್ತೆಯ ಸೊಂಟದಲ್ಲಿ. ದೂರದ ಚಿಕ್ಕಮ್ಮನ ಮನೆಗೆ ಸಾಗಿಸುವವರೆಗೆ ಹಾಗೇ ಇರಲಿ ಎಂದು ತೀರ್ಮಾನ. ಕೇಳಿದವರಿಗೆಲ್ಲ "ಹುಡುಗಿ ಊರಿಗೆ ಹೋಗಿದಾಳೆ" ಎಂಬ ಸುಳ್ಳು. ಏಳು ದಿನ ನಾನು ತಟ್ಟೆ ಕೊಂಡೊಯ್ದೆ, ಅರ್ಧಕ್ಕಿಂತ ಹೆಚ್ಚು ಹಾಗೇ ವಾಪಸು ತಂದೆ. ಏಳು ದಿನವೂ ಬಾಗಿಲ ಬಳಿ ಅತ್ತೆ ಕಾವಲಿದ್ದರು, ನಾವಿಬ್ಬರೂ ಪಿಸುಗುಟ್ಟಬಾರದೆಂದು.

ಎಂಟನೆಯ ದಿನ ಮಧ್ಯಾಹ್ನ ಮಹಡಿಯಿಂದ ಒಂದು ಚೀತ್ಕಾರ ಬಂತು. ಅತ್ತೆ ಓಡಿದರು, ಹಿಂದೆಯೇ ನಾನು. ಚೂಟಿ ನೆಲದ ಮೇಲೆ ಮೊಣಕಾಲು ಎದೆಗೊತ್ತಿಕೊಂಡು ಹೊರಳುತ್ತಿದ್ದಳು. ತುಟಿ ಬಿಳಿಚಿತ್ತು. ಅತ್ತೆ ಮಾಡಿದ್ದೇನು ಗೊತ್ತೇ? ಅಲ್ಲಿದ್ದ ಟವೆಲ್ಲು ತೆಗೆದು ಮಗಳ ಬಾಯಿಗೆ ಒತ್ತಿದರು.

"ಕೂಗ್ಬೇಡ ಕಣೇ, ಪಕ್ಕದವರಿಗೆ ಕೇಳ್ಸುತ್ತೆ!" ಎನ್ನುತ್ತ ಅವರೇ ಅಳುತ್ತಿದ್ದರು.

ಆ ಟವೆಲ್ಲನ್ನು ಕಿತ್ತೆಸೆದೆ. ಅತ್ತೆಯನ್ನು ಪಕ್ಕಕ್ಕೆ ತಳ್ಳಿದೆ. ಹಿರಿಯರ ಮೈಮೇಲೆ ಕೈ ಮಾಡಿದ್ದು ಜೀವನದಲ್ಲಿ ಅದೊಂದೇ ಸಲ. ಚೂಟಿಯನ್ನು ತೋಳಿಗೆ ಆನಿಸಿಕೊಂಡು ಮೆಟ್ಟಿಲಿಳಿದು ನಡುಬೀದಿಗೆ ಬಂದೆ. ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ತೆರೆದುಕೊಳ್ಳಲಿ ಎಂದುಕೊಂಡೆ. ಟ್ಯಾಕ್ಸಿಯೊಂದನ್ನು ಅಡ್ಡಗಟ್ಟಿ ಆಸ್ಪತ್ರೆಗೆ ನಡೆ ಎಂದೆ.

ಅದು ಬಸಿರಲ್ಲ. ಅಂಡಾಶಯದಲ್ಲಿ ತೆಂಗಿನಕಾಯಿ ಗಾತ್ರದ ಗಡ್ಡೆ. ಅದು ತಿರುಚಿಕೊಂಡು ರಕ್ತ ಹರಿಯುವುದೇ ನಿಂತಿತ್ತು. ಆಪರೇಷನ್ ಮಾಡಿ ಹೊರಬಂದ ಡಾಕ್ಟರಮ್ಮ ಕೈಗವಸು ಕಳಚುತ್ತ, "ಒಂದು ಅಂಡಾಶಯ ತೆಗೀಬೇಕಾಯ್ತು. ವಾರದ ಹಿಂದೆ ಬಂದಿದ್ರೆ ಉಳಿಸಬಹುದಿತ್ತೇನೋ. ಇನ್ನೊಂದು ಅರ್ಧ ದಿನ ತಡ ಆಗಿದ್ರೆ ಹುಡುಗಿಯನ್ನೂ ಉಳಿಸೋದು ಕಷ್ಟ ಇತ್ತು" ಎಂದರು.

ಆಗಷ್ಟೇ ಓಡಿಬಂದಿದ್ದ ಮಾವನವರು ಗೋಡೆಗೊರಗಿ ಕೈಮುಗಿದರು. "ಅಂದ್ರೆ ಅವಳು ಬಸುರಿ ಅಲ್ಲ! ಸದ್ಯ, ಮಾನ ಉಳೀತು."

"ನಾನು ಪ್ರಾಣದ ಮಾತು ಆಡ್ತಿದೀನಿ, ಯಜಮಾನರೇ" ಎಂದರು ಡಾಕ್ಟರಮ್ಮ.

ನಾಲ್ಕನೆಯ ದಿನ ಚೂಟಿ ದಿಂಬಿಗೊರಗಿ ಕೂತಿದ್ದಾಗ ಮಾವ ಮತ್ತೆ ಡಾಕ್ಟರಮ್ಮನ ಮುಂದೆ ಕೈಹಿಸುಕಿಕೊಂಡು ನಿಂತರು. "ಒಂದು ಕಾಗದ ಬರೆದುಕೊಡಿ. ನನ್ನ ಮಗಳು ಶುದ್ಧವಾಗಿದಾಳೆ ಅಂತ. ಬೀದಿಯವರಿಗೆ ತೋರಿಸಬೇಕು."

"ಕಾಯಿಲೆ ಏನು ಅಂತ ಬರೆದುಕೊಡ್ತೀನಿ. ಶೀಲಕ್ಕೆ ಸರ್ಟಿಫಿಕೇಟ್ ಕೊಡೋ ಡಾಕ್ಟರು ನಾನಲ್ಲ."

"ಅದೂ ಬೇಡ" ಎಂದಳು ಚೂಟಿ. ದನಿ ಸಣ್ಣದಿತ್ತು, ಅಲುಗಲಿಲ್ಲ. "ಅಪ್ಪಾ, ಒಂದು ಕೇಳ್ಲಾ? ನಾನು ನಿಜವಾಗ್ಲೂ ಬಸುರಿಯಾಗಿದ್ದು ಹೀಗೇ ನೋವು ಬಂದಿದ್ರೆ, ನನ್ನ ಇಲ್ಲಿಗೆ ಕರ್ಕೊಂಡು ಬರ್ತಿದ್ರಾ?"

ಮಾವ ತಲೆ ತಗ್ಗಿಸಿ, "ಇಲ್ಲಮ್ಮ" ಎಂದರು.

"ಹಾಗಾದ್ರೆ ಆ ಕಾಗದ ಉಳಿಸೋದು ನನ್ನನ್ನಲ್ಲ. ನಾಳೆ ಇನ್ನೊಬ್ಬಳು ನಿಜವಾಗ್ಲೂ ಬಸುರಿ ಆಗಿರ್ತಾಳೆ, ಅವಳ ಹತ್ರ ತೋರಿಸೋಕೆ ಕಾಗದ ಇರಲ್ಲ. ಅವಳು ಸಾಯ್ಬೇಕಾ?"

ಮಾವ ಅಲ್ಲೇ ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡರು. ಅವಳು ಅವರನ್ನು ಸಮಾಧಾನ ಮಾಡಲಿಲ್ಲ. ನಾನೂ ಮಾಡಲಿಲ್ಲ. ಅವಳ ಕೈ ಹಿಡಿದು, "ನನ್ನ ಕ್ಷಮಿಸು" ಎಂದೆ. "ಇನ್ನೂ ಆಗ್ತಿಲ್ಲ ಅತ್ತಿಗೆ. ಆದ್ರೆ ಕೈ ಬಿಡಬೇಡಿ" ಎಂದಳು.

ಹೊಲಿಗೆ ಬಿಚ್ಚಿದ ಮೇಲೆ ಅವಳು ಹೆಂಗಸರ ಹಾಸ್ಟೆಲ್ಲಿಗೆ ಹೋಗುವೆನೆಂದಳು. ಯಾರೂ ತಡೆಯಲಿಲ್ಲ. ಬಟ್ಟೆಯ ಚೀಲ ಹಿಡಿದು ನಾವಿಬ್ಬರೂ ಬೀದಿಗಿಳಿದಾಗ ಅಂದು ಶಾಲೆಯಲ್ಲಿದ್ದು ಏನೂ ಕಾಣದ ಎದುರು ಮನೆಯ ಟೀಚರಮ್ಮ ಗೇಟಿನ ಬಳಿ ನಿಂತಿದ್ದರು.

"ಏನಮ್ಮಾ, ಊರಿಗೆ ಹೋಗಿದ್ಯಂತೆ?"

ನಮ್ಮ ಬಾಗಿಲಲ್ಲಿ ಅತ್ತೆ ಉಸಿರು ಬಿಗಿಹಿಡಿದದ್ದು ನನಗೆ ಗೊತ್ತಾಯಿತು.

"ಇಲ್ಲ ಟೀಚರ್. ಮೊದಲು ಬೀಗ ಹಾಕಿದ ಕೋಣೆಯಲ್ಲಿದ್ದೆ, ಆಮೇಲೆ ಆಸ್ಪತ್ರೆಯಲ್ಲಿ. ಅಂಡಾಶಯದಲ್ಲಿ ಗಡ್ಡೆ ಇತ್ತು. ಹೊಟ್ಟೆ ನೋಡಿ ಬಸುರಿ ಅಂದ್ಕೊಂಡಿದ್ರು." ಇಡೀ ಬೀದಿಗೆ ಕೇಳುವಂತೆ ಹೇಳಿದಳು.

ಟೀಚರಮ್ಮ ನಗಲಿಲ್ಲ, ಮೂಗು ಮುರಿಯಲಿಲ್ಲ. ಆಚೀಚೆ ನೋಡಿ, ಗೇಟು ದಾಟಿ ಹತ್ತಿರ ಬಂದರು.

"ನಮ್ಮ ಹುಡುಗಿಗೂ ಎರಡು ತಿಂಗಳಿಂದ ಹೊಟ್ಟೆ ನೋವು. ಯಾರಿಗೂ ಹೇಳಿಲ್ಲ ಕಣಮ್ಮಾ. ಯಾವ ಡಾಕ್ಟರ ಹತ್ರ ಹೋಗಿದ್ದೆ?"

ಚೂಟಿ ಚೀಲವನ್ನು ಕೆಳಗಿಟ್ಟಳು. "ಕರೀರಿ ಅವಳನ್ನ. ಈಗಲೇ ಹೋಗೋಣ."