ನಿಂತ ತಟ್ಟೆಯ ಮೇಲೆ ಮುಳ್ಳು

ಮಾರ್ಚ್ 21, ಮಂಗಳವಾರ ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಸ್ಮರಾಂದಾ ಅವರ ಮಂಚದ ಮೇಲಿನ ಚಾವಣಿಗೆ ಅಂಟಿಸಿದ್ದ ಗಾಜು ಒಡೆದಿರುವುದು ಕಂಡಿತು.

ಗಾಜು ಎಂದರೆ ಹತ್ತು ಸೆಂಟಿಮೀಟರ್ ಉದ್ದದ, ಉಗುರಿನಷ್ಟು ತೆಳುವಾದ ಒಂದು ಪಟ್ಟಿ. ಚಾವಣಿಯ ಬಿರುಕಿನ ಎರಡೂ ಬದಿಗೆ ಗಾರೆ ಮೆತ್ತಿ ಅದನ್ನು ಕೂರಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದು ಹೋಗಿದ್ದವರು ಇಂಜಿನಿಯರ್ ಲುಮಿನಿತ್ಸಾ. ಮಾರ್ಚ್ 2. "ಗಾಜು ಹೀಗೇ ಉಳಿದರೆ ಇದು ಹಳೇ ಬಿರುಕು, ಮರೆತುಬಿಡಿ. ಒಡೆದರೆ ಬಿರುಕು ಬೆಳೀತಿದೆ ಅಂತ ಅರ್ಥ, ನನಗೆ ಫೋನ್ ಮಾಡಿ" ಎಂದಿದ್ದರು. ಹತ್ತೊಂಬತ್ತನೆಯ ದಿನಕ್ಕೆ ಒಡೆಯಿತು.

ಸ್ಮರಾಂದಾ ಇರುವುದು ಮೂರನೆಯ ಮಹಡಿಯಲ್ಲಿ, ನಾನು ಅವರ ಮೇಲೆ, ನಾಲ್ಕನೆಯದರಲ್ಲಿ. ಇಂಜಿನಿಯರಿಗಿಂತ ಮೊದಲು ನನ್ನನ್ನು ಕರೆದರು. ಕರೆಯುವುದೆಂದರೆ ಕೋಣೆ ಬಿಸಿಮಾಡುವ ನೀರಿನ ಕೊಳವೆಗೆ ಚಮಚದಿಂದ ಮೂರು ಸಲ ಕುಟ್ಟುವುದು. ನಾನು ಚಪ್ಪಲಿಯಲ್ಲೇ ಇಳಿದು ಹೋದೆ.

"ನೋಡು ಟೀಬಿ. ನಿನ್ನ ಸಂಗೀತ ನಮ್ಮನೆಗೆ ಇಳಿದು ಬರ್ತಿದೆ."

"ಆಂಟಿ, ಟ್ರಾಮಿನ ಅದುರಿಗೂ ಒಡೆದಿರಬಹುದು."

"ಟ್ರಾಮ್ ನಾನು ಹುಟ್ಟೋಕೆ ಮುಂಚಿನಿಂದ ಓಡ್ತಿದೆ. ಪ್ರಪಂಚದ ಹಾಡೆಲ್ಲಾ ಈಗ ಒಂದು ಫೋನಲ್ಲಿ ಹಿಡಿಸುತ್ತಂತಲ್ಲ? ನನ್ನ ತಂಗಿ ಮೊಮ್ಮಗಳು ಜೇಬಲ್ಲಿ ಹಾಕ್ಕೊಂಡು ತಿರುಗ್ತಾಳೆ. ನೀನೊಬ್ಬ ನನ್ನ ನೆತ್ತಿ ಮೇಲೆ ಗೋಡೌನ್ ಇಟ್ಕೊಂಡಿದ್ದೀಯ."

ಅವರು ನಗುತ್ತಲೇ ಹೇಳಿದರು. ಆದರೆ ಕೈ ಮಂಚದ ತಲೆಭಾಗವನ್ನು ಬಿಗಿಯಾಗಿ ಹಿಡಿದಿತ್ತು. ಆ ಮಂಚಕ್ಕೆ ಒಂದು ಟಾರ್ಚು, ದಾರದಲ್ಲಿ ಕಟ್ಟಿದ ಒಂದು ಸೀಟಿ ತೂಗುತ್ತಿವೆ. ಕೆಳಗೆ ಬೂಟುಗಳು, ಲೇಸು ಸಡಿಲಿಸಿ, ಕಾಲು ತೂರಿಸಿದರೆ ಸಾಕು ಎನ್ನುವಂತೆ. 1977ರ ಮಾರ್ಚ್ 4ರ ಭೂಕಂಪದಲ್ಲಿ ಅವರಿದ್ದ ಬೇರೊಂದು ಕಟ್ಟಡ ಬಿತ್ತು. ಆಗ ಅವರಿಗೆ ಇಪ್ಪತ್ತನಾಲ್ಕು. ಗಂಡನನ್ನು ಎರಡನೆಯ ದಿನ ಹೊರಗೆ ತೆಗೆದರು, ಜೀವ ಇರಲಿಲ್ಲ. ಬೂಟು, ಟಾರ್ಚು, ಸೀಟಿ ಅಂದಿನಿಂದಲೂ ಇವೆ. ಆ ಬಗ್ಗೆ ಅವರು ನನ್ನ ಬಳಿ ಒಂದೇ ಸಲ, ಔಷಧದ ಡೋಸು ಹೇಳುವ ಧಾಟಿಯಲ್ಲಿ ಮಾತಾಡಿದ್ದಾರೆ. ಅವರು ಔಷಧದಂಗಡಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು.

ನಮ್ಮ ಕಟ್ಟಡ 1936ರದು, ಆರು ಮಹಡಿ, ಹದಿನೆಂಟು ಮನೆ. ಬಾಗಿಲ ಪಕ್ಕದಲ್ಲಿ ಕೆಂಪು ಬಿಲ್ಲೆ ಇದೆ. ದೊಡ್ಡ ಭೂಕಂಪವಾದರೆ ಬೀಳಬಹುದಾದ ಕಟ್ಟಡಗಳಿಗೆ ಬುಕರೆಸ್ಟಿನಲ್ಲಿ ಅದನ್ನು ಹಚ್ಚುತ್ತಾರೆ. ವರ್ಷಗಟ್ಟಲೆ ಅದರ ಪಕ್ಕ ಹಾದು ಹೋಗುತ್ತಾ ನಮಗೆ ಅದು ಕಾಣುವುದೇ ನಿಂತಿತ್ತು. ಫೆಬ್ರವರಿಯಲ್ಲಿ ಟರ್ಕಿಯ ಕಟ್ಟಡಗಳು ಕುಸಿಯುವುದನ್ನು ಟಿವಿಯಲ್ಲಿ ನೋಡಿದ ಮೇಲೆ ಮತ್ತೆ ಕಾಣತೊಡಗಿತು. ನಿವಾಸಿಗಳು ಸೇರಿ ಇಂಜಿನಿಯರನ್ನು ಕರೆಸಿದ್ದು ಆಗ.

ಲುಮಿನಿತ್ಸಾ ಫೋನಿನಲ್ಲಿ ಗುರುವಾರ ಹನ್ನೊಂದಕ್ಕೆ ಬರುತ್ತೇನೆಂದರು. ಮೊದಲ ಸಲ ಬಂದಾಗಲೇ ನನ್ನ ಗ್ರಾಮಫೋನ್ ರೆಕಾರ್ಡುಗಳ ಕಪಾಟುಗಳನ್ನು ಅಳೆದು, ಒಂದು ರೆಕಾರ್ಡನ್ನು ಹೊದಿಕೆ ಸಮೇತ ಅಡುಗೆಮನೆಯ ತಕ್ಕಡಿಗೆ ಹಾಕಿಸಿದ್ದರು. 260 ಗ್ರಾಂ. ಆರು ಸಾವಿರದ ಇನ್ನೂರು ರೆಕಾರ್ಡುಗಳಿಗೆ ಒಂದು ಟನ್ ಆರುನೂರು ಕಿಲೋ. ಬಿರುಕಿಗೆ ಕಾರಣ ಅದೇ ಇರಬೇಕೆಂದು ಕಟ್ಟಡದವರೆಲ್ಲ ನಂಬಿದರು. ನಾನೂ ನಂಬಲು ಪ್ರಯತ್ನಪಟ್ಟೆ.

ಯಾಕೆಂದರೆ ನನ್ನ ಮನೆಯಲ್ಲಿ ಒಂದು ಗೋಡೆ ಇಲ್ಲ.

1998ರ ಏಪ್ರಿಲಿನಲ್ಲಿ, ಎರಡು ಭಾನುವಾರ, ನಾನೂ ಲಾಂಬೆಯೂ ಅದನ್ನು ಒಡೆದೆವು. ಲಾಂಬೆ ಟ್ರಾಮ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು, ನನಗಿಂತ ದೊಡ್ಡ ರೆಕಾರ್ಡ್ ಹುಚ್ಚ. ಆಗ ರೆಕಾರ್ಡ್ ತಿರುಗಿಸುವ ನನ್ನ ಟರ್ನ್‌ಟೇಬಲ್ ಇದ್ದದ್ದು ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಕೋಣೆಯಲ್ಲಿ. ಅಲ್ಲಿ ಕೆಳಸ್ವರಗಳೆಲ್ಲ ಒಂದಾಗಿ ಗುಂಯ್‌ಗುಡುತ್ತಿದ್ದವು, ಯಾರಾದರೂ ನಡೆದರೆ ರೆಕಾರ್ಡಿನ ಮೇಲಿನ ಮುಳ್ಳು ಹಾರುತ್ತಿತ್ತು. ಪಕ್ಕದ ಹಜಾರಕ್ಕೂ ಇದಕ್ಕೂ ನಡುವೆ ಇದ್ದದ್ದು ಒಂದಿಟ್ಟಿಗೆ ದಪ್ಪದ ಗೋಡೆ. ನಾಲ್ಕು ಮೀಟರ್ ಗೋಡೆಯಲ್ಲಿ ಮೂರು ಮೀಟರ್ ನಲವತ್ತು ಒಡೆದು, ಬಾಗಿಲ ಚೌಕಟ್ಟಿನ ಪಕ್ಕದ ಅರವತ್ತು ಸೆಂಟಿಮೀಟರನ್ನು ಬೇಕೆಂದೇ ಉಳಿಸಿಕೊಂಡೆವು. ನೆಲದ ಮೇಲಿಟ್ಟ ಟರ್ನ್‌ಟೇಬಲ್ ಹೆಜ್ಜೆಗೆ ಅದುರುತ್ತದೆ, ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ್ದು ಅದುರುವುದಿಲ್ಲ. ಅದಕ್ಕಾಗಿ ಆ ತುಂಡು. ಗಾರೆ ಮಾಡಿ ಬಣ್ಣ ಹೊಡೆದೆವು. ನೋಡಿದವರಿಗೆ ಅದು ಕಟ್ಟಡದ ಕಂಬದಂತೆಯೇ ಕಾಣುತ್ತಿತ್ತು. ಸ್ಮರಾಂದಾ ಅವರ ಮನೆ ಮೊದಲು ದಂತವೈದ್ಯರ ಕ್ಲಿನಿಕ್ ಆಗಿದ್ದರಿಂದ ಅಲ್ಲಿ ಮೊದಲಿನಿಂದಲೂ ದೊಡ್ಡದೊಂದೇ ಕೋಣೆ, ಹಾಗಾಗಿ ನನ್ನದೂ ಅಂಥದ್ದೇ ಎಂದು ಇಂಜಿನಿಯರ್ ತಿಳಿದರು. ಕಟ್ಟಡದ ನಕ್ಷೆ ಯಾರ ಬಳಿಯೂ ಇಲ್ಲ. ನಾನು ತಿದ್ದಲಿಲ್ಲ.

ಗೋಡೆ ಹೋದ ದಿನ ಮೊದಲು ಹಾಕಿದ ರೆಕಾರ್ಡಿನಲ್ಲಿ, ಬಾಸ್ ಪಿಟೀಲು ನುಡಿಸುವವನು ಎಲ್ಲಿ ನಿಂತಿದ್ದಾನೆಂದು ಕೈ ಮಾಡಿ ತೋರಿಸಬಹುದಾಗಿತ್ತು. ಅಂದಿನಿಂದ ಪ್ರತಿ ಶನಿವಾರ ನಾಲ್ಕು ಗಂಟೆಗೆ ಎಂಟೊಂಬತ್ತು ಜನ ಬರುತ್ತಾರೆ. ಇತ್ತೀಚೆಗೆ ಕಾಲೇಜಿನ ಹುಡುಗಿಯರೂ ಬರುತ್ತಾರೆ, ಬಾಗಿಲಲ್ಲಿ ಫೋನ್ ಆಫ್ ಮಾಡಿ ಬುಟ್ಟಿಗೆ ಹಾಕುತ್ತಾರೆ. ಒಂದು ಮಗ್ಗುಲು ಮುಗಿಯುವವರೆಗೆ ಯಾರೂ ಮಾತಾಡುವುದಿಲ್ಲ. ಇಪ್ಪತ್ತು ನಿಮಿಷ ಹಾಡನ್ನು ಬದಲಾಯಿಸಲಾಗದೆ ಕೂರುವುದೇ ಅವರಿಗೆ ಹೊಸದು. ಹೆಂಡತಿ 2004ರಲ್ಲಿ ಇಟಲಿಗೆ ಕೆಲಸಕ್ಕೆ ಹೋಗಿ ಅಲ್ಲೇ ಉಳಿದ ಮೇಲೆ, ನನ್ನ ವಾರದಲ್ಲಿ ಶನಿವಾರ ಬಿಟ್ಟರೆ ಹೇಳುವಂಥದ್ದು ಹೆಚ್ಚೇನಿಲ್ಲ.

ಮಂಗಳವಾರ ಮಧ್ಯಾಹ್ನದಿಂದ ಬುಧವಾರ ಮಧ್ಯಾಹ್ನದವರೆಗೆ ನಾನೂ ಲಾಂಬೆಯೂ ರೆಕಾರ್ಡುಗಳನ್ನು ಕೆಳಗೆ ನೆಲಮಾಳಿಗೆಗೆ ಇಳಿಸಿದೆವು. ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆ ಅರವತ್ತೆರಡು. ಲಿಫ್ಟು 2011ರಿಂದ ನಿಂತಿದೆ. ಎರಡನೆಯ ಮಹಡಿಯಲ್ಲಿ ಲಾಂಬೆ ಪೆಟ್ಟಿಗೆಯ ಮೇಲೇ ಕೂತುಬಿಟ್ಟ.

"ಈ ಕಟ್ಟಡಕ್ಕೂ ಒಂದು ರೆಕಾರ್ಡ್ ಕೊಟ್ಟಿದ್ದಾರೆ ನೋಡು, ಕೆಂಪು ಬಣ್ಣದ್ದು. ನುಡಿಸೋಕೆ ಮಾತ್ರ ಬರಲ್ಲ" ಎಂದು ನಕ್ಕ. ಆಮೇಲೆ ದನಿ ತಗ್ಗಿಸಿದ. "ಗೋಡೆ ವಿಷಯ ಬಾಯಿ ಬಿಟ್ಟಿಲ್ಲ ತಾನೇ?"

"ಇಲ್ಲ."

"ಬಿಡಲೂ ಬೇಡ. ಅದು ಬರೀ ಅಡ್ಡಗೋಡೆ ಕಣೋ. ಬೀಳೋದಾಗಿದ್ರೆ ಇಪ್ಪತ್ತೈದು ವರ್ಷದ ಹಿಂದೇನೇ ಬೀಳ್ತಿತ್ತು. ಈಗ ಹೇಳಿದ್ಯೋ, ನಗರಸಭೆಯವರು ಹದಿನೆಂಟು ಮನೆ ಖಾಲಿ ಮಾಡಿಸ್ತಾರೆ. ಆ ಮುದುಕೀನ ಊರಾಚೆ ಯಾವುದೋ ಗೂಡಿಗೆ ತಳ್ತಾರೆ. ನಿನಗದು ಚಂದವಾ?"

"ಅವರು ಅದರ ಕೆಳಗೇ ಮಲಗ್ತಾರೆ ಕಣೋ."

"ಭಾರ ಇಳಿಸಿದ್ವಲ್ಲ. ಇನ್ನೇನು ಬೇಕು ನಿನಗೆ? ಎತ್ತು ಪೆಟ್ಟಿಗೇನ."

ಬುಧವಾರ ಮೂರೂವರೆಗೆ ಲಾಂಬೆ ಹೊರಟ. ಮನೆಯಲ್ಲಿ ಖಾಲಿ ಕಪಾಟು, ಟರ್ನ್‌ಟೇಬಲ್ ಮತ್ತು ಅದರ ಮೇಲೆ ಒಂದೇ ಒಂದು ರೆಕಾರ್ಡು ಉಳಿದವು. ಸೆಲ್ಲೊ ವಾದ್ಯ ಒಂದರದೇ, ಪ್ರಾಗಿನಲ್ಲಿ ಅಚ್ಚಾದದ್ದು, 1974. ಅದರಲ್ಲಿ ಒಂದೂ ಗೀರಿಲ್ಲ. ಎಷ್ಟೋ ಕಡೆ ಸುಮ್ಮನೆ ನಿಲ್ಲುವ ಸಂಗೀತ ಅದು, ಗೀರಿದ್ದರೆ ಆ ಮೌನದಲ್ಲಿ ಅಡಗುವುದಿಲ್ಲ. ಮೈ ನೋಯುತ್ತಿತ್ತು. ಭಾರ ಇಳಿದಿತ್ತು. ಮುಳ್ಳು ಇಟ್ಟು ಕುರ್ಚಿಯಲ್ಲಿ ಕೂತೆ.

ನಾಲ್ಕನೆಯ ನಿಮಿಷದಲ್ಲಿ, ಮೌನವೊಂದರ ನಡುವೆ, ಟಿಕ್ ಎಂದಿತು.

ಧೂಳಿರಬೇಕೆಂದು ಬ್ರಷ್ ಆಡಿಸಿ ಅದೇ ಜಾಗದಿಂದ ಮತ್ತೆ ಹಾಕಿದೆ. ಅಲ್ಲಿ ಸದ್ದಿಲ್ಲ. ಏಳನೆಯ ನಿಮಿಷದಲ್ಲಿ ಬಂತು. ಗೀರಿನ ಟಿಕ್ ಸುತ್ತಿಗೊಮ್ಮೆ, ಅಂದರೆ 1.8 ಸೆಕೆಂಡಿಗೊಮ್ಮೆ ಬರಬೇಕು. ಇದು ಒಂದೇ ಸಲ ಬಂದು ನಿಂತಿತು. ರೆಕಾರ್ಡಿನಲ್ಲಿ ಇರುವ ಸದ್ದು ಇದ್ದಲ್ಲೇ ಇರುತ್ತದೆ. ಇದು ಜಾಗ ಬದಲಿಸುತ್ತಿತ್ತು.

ನಾನು ಮೋಟಾರು ಆಫ್ ಮಾಡಿದೆ. ತಟ್ಟೆ ನಿಂತಿತು. ನಿಂತ ರೆಕಾರ್ಡಿನ ಮೇಲೆ ಮುಳ್ಳನ್ನು ಹಾಗೆಯೇ ಬಿಟ್ಟು, ವಾಲ್ಯೂಮನ್ನು ಸಾಮಾನ್ಯವಾಗಿ ಎಂದೂ ಇಡದ ಮಟ್ಟಕ್ಕೆ ತಿರುಗಿಸಿದೆ. ಮುಳ್ಳಿಗೆ ರೆಕಾರ್ಡಿನಲ್ಲಿ ಕೊರೆದ ತೋಡಿನ ಅದುರೂ ಒಂದೇ, ಗೋಡೆಯ ಅದುರೂ ಒಂದೇ. ಸ್ಪೀಕರಿನಲ್ಲಿ ಕಟ್ಟಡ ಕೇಳಿಸತೊಡಗಿತು. ಬೀದಿಯ ಟ್ರಾಮ್ ದೂರದ ಗುಡುಗಿನಂತೆ. ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದದ್ದು. ಕೆಳಗೆ ಸ್ಮರಾಂದಾ ಬೀರು ಮುಚ್ಚಿದ್ದು. ಇವುಗಳ ನಡುವೆ, ಆರು ನಿಮಿಷಕ್ಕೊಂದು, ನಾಲ್ಕು ನಿಮಿಷಕ್ಕೊಂದು, ಒಣಕಡ್ಡಿ ಮುರಿದಂತೆ ಟಿಕ್.

ಗಡಿಯಾರ ನೋಡಿ ಚೀಟಿಯ ಮೇಲೆ ಬರೆದುಕೊಂಡೆ. ನಾಲ್ಕೂ ಹತ್ತರಿಂದ ಐದೂ ಹತ್ತರವರೆಗೆ ಹನ್ನೊಂದು ಸಲ. ರೆಕಾರ್ಡುಗಳು ಹೋಗಿಯಾಗಿತ್ತು. ಆದರೂ ಸದ್ದು ಬರುತ್ತಿತ್ತು. ಟರ್ನ್‌ಟೇಬಲ್ಲಿಗೆ ಬೋಲ್ಟ್ ಹಾಕಿದ್ದು ಆ ಅರವತ್ತು ಸೆಂಟಿಮೀಟರಿಗೆ. ನಾನು ಎದ್ದು ಅದರ ಮೇಲೆ ಅಂಗೈ ಇಟ್ಟೆ. ಕೈಗೆ ಏನೂ ತಿಳಿಯಲಿಲ್ಲ. ಹಾಗಿದ್ದೂ ಕೈ ತೆಗೆಯಲು ಹೆದರಿಕೆಯಾಯಿತು, ನಾನೇ ಅದನ್ನು ಹಿಡಿದು ನಿಲ್ಲಿಸಿದ್ದೇನೆ ಎನ್ನುವ ಹಾಗೆ.

ಕೆಳಗೆ ಹೋದೆ. ಸ್ಮರಾಂದಾ ಚಾವಣಿ ನೋಡದೆ, ಮೇಜಿನ ಮುಂದೆ ಕೂತು ಬೀನ್ಸ್ ಆರಿಸುತ್ತಿದ್ದರು.

"ಆಂಟಿ, ಇವತ್ತೊಂದು ದಿನ ಅಡುಗೆಮನೆಯಲ್ಲಿ ಮಲಗ್ತೀರಾ?"

"ಯಾಕೆ? ಹೊರೆ ಇಳಿಸಿಯಾಯ್ತಲ್ಲ. ಎರಡು ದಿನ ಮೆಟ್ಟಿಲ ಮೇಲೆ ನಿನ್ನ ಏದುಸಿರು ಕೇಳಿ ನನಗೇ ಸುಸ್ತಾಯ್ತು."

"ಭಾರ ತೆಗೆದಾಗಲೂ ನೆಲ ಸ್ವಲ್ಪ ಕದಲುತ್ತೆ. ನಾಳೆ ಇಂಜಿನಿಯರ್ ನೋಡಲಿ."

ಅವರು ಬೀನ್ಸ್ ಆರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ನಿನಗೇನಾದರೂ ಗೊತ್ತಾ ಟೀಬಿ?"

"ಇಲ್ಲ ಆಂಟಿ" ಎಂದೆ.

ಅವರು ಮಂಚದಲ್ಲೇ ಮಲಗಿದರು. ನಾನು ಬೆಳಗಿನವರೆಗೂ ಬಟ್ಟೆ ಬದಲಿಸಲಿಲ್ಲ.

ಗುರುವಾರ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಲುಮಿನಿತ್ಸಾ ಬಂದರು. ಏಣಿ ಹತ್ತಿ, ಒಡೆದ ಗಾಜನ್ನು ಭೂತಗನ್ನಡಿಯಲ್ಲಿ ನೋಡಿ, ಬಿರುಕಿನ ಅಗಲ ಅಳೆದರು. ಇಳಿದು ಕೈ ಒರೆಸಿಕೊಂಡರು.

"ಅರ್ಧ ಮಿಲಿಮೀಟರ್ ಹೆಚ್ಚಾಗಿದೆ. ಆದರೆ ಭಾರ ಇಳಿಸಿದ್ದು ಒಳ್ಳೇದಾಯ್ತು ಸರ್. ಹೊಸ ಗಾಜು ಹಾಕಿ ಹೋಗ್ತೀನಿ, ತಿಂಗಳು ಬಿಟ್ಟು ನೋಡೋಣ."

"ತಿಂಗಳು" ಎಂದು ಸ್ಮರಾಂದಾ ಮೆಲ್ಲಗೆ ಹೇಳಿಕೊಂಡರು. ಅವರ ಭುಜ ಇಳಿಯಿತು. ಕಾಫಿ ಇಟ್ಟರು, ನನಗೂ ಒಂದು ಲೋಟ. "ಇವನನ್ನ ಎಷ್ಟು ಬೈದುಕೊಂಡೆ ಮೇಡಂ. ಪಾಪ, ಎಲ್ಲಾ ಹೊತ್ತು ಹಾಕಿದ. ಇವತ್ತು ನಾನು ಬೂಟು ಬೀರುವಿನೊಳಗೆ ಇಟ್ಟು ಮಲಗ್ತೀನಿ."

ನಾನು ಲೋಟ ಕೆಳಗಿಟ್ಟೆ. "ಒಂದು ನಿಮಿಷ ಮೇಲೆ ಬನ್ನಿ ಮೇಡಂ. ಒಂದು ಸದ್ದು ಕೇಳಿಸಬೇಕು" ಎಂದೆ. ಇಂಜಿನಿಯರ್ ಬಂದರು. ಅವರ ಹಿಂದೆ, ಕರೆಯದಿದ್ದರೂ, ಸ್ಮರಾಂದಾ ಬಂದರು.

ನಿಂತ ರೆಕಾರ್ಡಿನ ಮೇಲೆ ಮುಳ್ಳು ಇಟ್ಟು ವಾಲ್ಯೂಮ್ ತಿರುಗಿಸಿದೆ. ಮೂವರೂ ನಿಂತುಕೊಂಡೆವು. ಟ್ರಾಮ್ ಹೋಯಿತು. ಯಾರದೋ ಮನೆಯಲ್ಲಿ ನಲ್ಲಿ ತೆರೆಯಿತು. ಮೂರು ನಿಮಿಷ. ಏಳು ನಿಮಿಷ. ಟಿಕ್ ಬರಲಿಲ್ಲ. ಬರೆದುಕೊಂಡಿದ್ದ ಚೀಟಿ ನನ್ನ ಕೈಯಲ್ಲಿ ಒದ್ದೆಯಾಗಿತ್ತು. ಲುಮಿನಿತ್ಸಾ ಗಡಿಯಾರ ನೋಡಿದರು.

"ನನಗೆ ಇನ್ನೊಂದು ಕಡೆ ಹೋಗ್ಬೇಕು ಸರ್. ಹಳೇ ಕಟ್ಟಡ, ಏನಾದರೊಂದು ಸದ್ದು ಇದ್ದೇ ಇರುತ್ತೆ."

ಅವರು ಬಾಗಿಲ ಕಡೆ ನಾಲ್ಕು ಹೆಜ್ಜೆ ಹಾಕಿದ್ದರು. ಸದ್ದೇ ಎಲ್ಲ ಹೇಳಿಬಿಡಲಿ, ನಾನು ಹೇಳುವುದು ತಪ್ಪಲಿ ಎಂದು ಕಾದಿದ್ದೆ. ಅದು ಬರಲಿಲ್ಲ.

"ಇದು ಕಂಬ ಅಲ್ಲ ಮೇಡಂ" ಎಂದೆ. "ಇಲ್ಲಿ ಗೋಡೆ ಇತ್ತು. ನಾಲ್ಕು ಮೀಟರ್. ತೊಂಬತ್ತೆಂಟರಲ್ಲಿ ನಾನು ಒಡೆದೆ. ಇದು ಅದರ ಉಳಿದ ತುಂಡು."

ಲುಮಿನಿತ್ಸಾ ಹಿಂದಿರುಗಿ ಬಂದು ಅದನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಕೀಲಿಯಿಂದ ಬಣ್ಣ ಕೆರೆದರು. ಒಳಗೆ ಇಟ್ಟಿಗೆ ಕಂಡಿತು. ಮೊದಲು ಅವರು ಮಾಡಿದ್ದು ಸ್ಮರಾಂದಾ ಅವರ ತೋಳು ಹಿಡಿದು ಗೋಡೆಬದಿಗೆ ಸರಿಸಿದ್ದು.

"ಸಾವಿರದ ಒಂಬೈನೂರ ನಲವತ್ತರ, ಎಪ್ಪತ್ತೇಳರ ಭೂಕಂಪಗಳು ಆದ ಮೇಲೆ ಇಲ್ಲಿ ಬರೀ ಅಡ್ಡಗೋಡೆ ಅಂತ ಯಾವುದೂ ಇಲ್ಲ ಸರ್. ತೊಲೆಗಳು ಕೈಬಿಟ್ಟ ಭಾರ ಗೋಡೆಗಳ ಮೇಲೆ ಕೂತಿದೆ. ಮೇಲಿನ ಎರಡು ಮಹಡಿಯದು ನಾಲ್ಕು ಮೀಟರಿನ ಮೇಲೆ ಹರಡಿತ್ತು. ನೀವು ಅದನ್ನ ಅರವತ್ತು ಸೆಂಟಿಮೀಟರಿಗೆ ತಂದು ನಿಲ್ಲಿಸಿದ್ದೀರಿ. ಸರಿಯಾಗಿ ಇವರ ಮಂಚದ ಮೇಲೆ."

"ಒಬ್ಬನೇ ಒಡೆದ್ಯಾ?" ಸ್ಮರಾಂದಾ ಕೇಳಿದರು.

"ಒಬ್ಬನೇ" ಎಂದೆ.

"ಯಾತಕ್ಕೆ?"

"ಸಂಗೀತ ಚೆನ್ನಾಗಿ ಕೇಳಲಿ ಅಂತ."

ಅವರು ಖಾಲಿ ಕಪಾಟುಗಳನ್ನು, ನನ್ನ ಕುರ್ಚಿಯನ್ನು, ಆ ತುಂಡನ್ನು ಒಂದೊಂದಾಗಿ ನೋಡಿದರು.

"ಕೇಳಿಸ್ತಾ?"

"ಕೇಳಿಸ್ತು ಆಂಟಿ."

ಅವರು ತಲೆಯಾಡಿಸಿದರು. ಮೆಟ್ಟಿಲಿಳಿಯುವಾಗ ಆಸರೆಗೆಂದು ನಾನು ಚಾಚಿದ ಕೈಯನ್ನು ಬಿಟ್ಟು ಇಂಜಿನಿಯರ ಕೈ ಹಿಡಿದರು.

ಅಂದು ಮಧ್ಯಾಹ್ನ ಮೂರೂವರೆಗೆ ಉಕ್ಕಿನ ಆಧಾರಗಂಬಗಳು ಬಂದವು. ಎರಡನೆಯ, ಮೂರನೆಯ ಮತ್ತು ನಾಲ್ಕನೆಯ ಮಹಡಿಯಲ್ಲಿ ನಾಲ್ಕು ನಾಲ್ಕು ಕಂಬ ನಿಲ್ಲಿಸಿದರು. ಶುಕ್ರವಾರ ಗ್ಯಾಸ್ ನಿಲ್ಲಿಸಿದರು. ಏಪ್ರಿಲ್ 3ರಂದು ಹದಿನೆಂಟು ಮನೆಗಳಿಗೂ ಖಾಲಿ ಮಾಡುವ ನೋಟಿಸ್ ಬಂತು. ಸ್ಮರಾಂದಾ ಅವರಿಗೆ ನಗರದ ಅಂಚಿನಲ್ಲಿ, ಒಂಬತ್ತನೆಯ ಮಹಡಿಯಲ್ಲಿ ಒಂದು ಕೋಣೆ ಸಿಕ್ಕಿತು. ಸಾಮಾನು ಸಾಗಿಸಲು ನಾನೂ ಲಾಂಬೆಯೂ ಹೋದೆವು. ಅವರು ಲಾಂಬೆಯನ್ನು ಮಾತ್ರ ಒಳಗೆ ಬಿಟ್ಟುಕೊಂಡರು.