ಅರೆಗಣ್ಣನ ಅಲಾರಂ

ಲಾರಿಗಳ ಮೇಲೆ ಕಣ್ಣಿಡುವ ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಗೋಡೆಯ ತುಂಬ ಪರದೆಗಳು, ಪರದೆಗಳ ತುಂಬ ಡ್ರೈವರುಗಳ ಮುಖಗಳು. ಹೊಸ ಕಾನೂನು ಬಂದಾಗಿನಿಂದ ಪ್ರತಿ ಲಾರಿಯೊಳಗೂ ಒಂದು ಕ್ಯಾಮೆರಾ ಕೂತು, ಡ್ರೈವರ್ ರೆಪ್ಪೆ ಇಳಿಸಿದರೆ ಸಾಕು, ಇಲ್ಲಿಗೆ ಅಲಾರಂ ಕಳಿಸುತ್ತಿತ್ತು. ಡ್ರೈವರುಗಳು ಅದನ್ನು ಚಾಡಿಕೋರ ಎನ್ನುತ್ತಿದ್ದರು. ಕೋಣೆಯಲ್ಲಿ ಕೂತವರು ಮುಖ ನೋಡಿ ‘ನಿಜ’ ಒತ್ತಿದರೆ ಲಾರಿಯಲ್ಲಿ ಗಂಟೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ವೈದ್ಯರು ಒಪ್ಪುವ ತನಕ ಆ ಡ್ರೈವರ್ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ. ‘ಸುಳ್ಳು’ ಒತ್ತಿದರೆ ಅಲ್ಲಿಗೆ ಮುಗಿಯಿತು.

ಹಾಗೆ ಕೂತವರಲ್ಲಿ ಅವಳೂ ಒಬ್ಬಳು. ಅವಳ ಪಾಲಿಗೆ ಬಂದ ಲಾರಿಗಳಲ್ಲಿ ಒಂದನ್ನು ಓಡಿಸುತ್ತಿದ್ದವರು ಅವಳ ಭಾವ, ಅಕ್ಕನ ಗಂಡ. ಚಿಕ್ಕಂದಿನಲ್ಲಿ ಪೆಟ್ಟು ಬಿದ್ದು ಅವರ ಎಡಗಣ್ಣಿನ ರೆಪ್ಪೆ ಅರ್ಧ ಜೋತುಬಿದ್ದಿತ್ತು. ಎಲ್ಲರಿಗೂ ಅವರು ಅರೆಗಣ್ಣ. ಚಾಡಿಕೋರನಿಗೆ ಈ ವಿಷಯ ಯಾರು ತಿಳಿಸಿ ಹೇಳಬೇಕು? ಅದು ದಿನವಿಡೀ ಬಾಯಿ ಬಡಿದುಕೊಳ್ಳುತ್ತಿತ್ತು. ಅವಳು ದಿನವಿಡೀ ‘ಸುಳ್ಳು’ ಒತ್ತುತ್ತಿದ್ದಳು. ಮೊದಮೊದಲು ನಗು ಬರುತ್ತಿತ್ತು, ಈಗ ಸಾಕುಸಾಕಾಗಿತ್ತು. ಒತ್ತುವ ಬೆರಳಿಗೆ ನೋಡುವ ಕಣ್ಣಿನ ಹಂಗೂ ಉಳಿದಿರಲಿಲ್ಲ.

ಅವತ್ತು ಊಟ ಮುಗಿಸಿ ಬಂದು ಕೂತಾಗಲೂ ಅಲಾರಂ ಬಂತು. ಅವಳು ಆಕಳಿಸುತ್ತಲೇ ‘ಸುಳ್ಳು’ ಒತ್ತಿದಳು. ಒತ್ತಿದ ಮೇಲೆ ಯಾಕೋ ತಲೆಯೆತ್ತಿ ನೋಡಿದಳು. ಭಾವ ಗಾಡಿ ಓಡಿಸುವಾಗ ಸದಾ ಹಾಡಿಕೊಳ್ಳುವವರು. ದನಿ ಕೇಳದಿದ್ದರೂ ತುಟಿ ಆಡುತ್ತಲೇ ಇರುತ್ತಿತ್ತು. ಈಗ ತುಟಿ ಅಲುಗುತ್ತಿರಲಿಲ್ಲ. ಬಲಗಣ್ಣೂ ಮುಚ್ಚಿತ್ತು.

ಫೋನು ಮಾಡೋಣವೆಂದರೆ ಓಡುವ ಲಾರಿಯಲ್ಲಿ ಫೋನು ಬಂದ್ ಆಗಿರಬೇಕೆಂಬುದೂ ಅದೇ ಕಾನೂನು. ಅಷ್ಟರಲ್ಲಿ ಅಲಾರಂ ಮತ್ತೆ ಬಂತು. ಉಳಿದದ್ದು ‘ನಿಜ’ ಒಂದೇ. ಕೈ ಚಾಚಿದವಳ ಕಣ್ಣ ಮುಂದೆ ಅಕ್ಕನ ಮುಖ ಬಂತು. ಒಂದು ಗಳಿಗೆ, ಹೌದು, ಒಂದು ಗಳಿಗೆ ಅವಳ ಕೈ ತಡೆಯಿತು. ಆಮೇಲೆ ಒತ್ತಿದಳು.

ಪರದೆಯ ಮೇಲೆ ಭಾವ ಬೆಚ್ಚಿಬಿದ್ದರು. ಸ್ಟೀರಿಂಗ್ ಗರಗರ ತಿರುಗಿತು. ಲಾರಿ ರಸ್ತೆ ಬದಿಗೆ ಬಂದು ನಿಂತಿತು. ಸ್ವಲ್ಪ ಹೊತ್ತಿಗೆ ಅವರ ಫೋನು ಬಂತು.

“ನೀನೇನಮ್ಮ ಒತ್ತಿದ್ದು?”

“ಹೂಂ ಭಾವ. ನಿದ್ದೆ ಹೋಗಿದ್ರಿ.”

“ಬದಲಿ ಡ್ರೈವರ್ ಕೈ ಕೊಟ್ಟ. ಅವನ ಪಾಳೀನೂ ನಾನೇ ಎಳೀತಿದೀನಿ. ಕೈತಪ್ಪಿ ಒತ್ತಿದೆ ಅಂತ ಹೇಳಿಬಿಡು. ನನ್ನ ಕಣ್ಣಿನ ಕಥೆ ಎಲ್ರಿಗೂ ಗೊತ್ತಲ್ಲ, ಯಾರು ಕೇಳ್ತಾರೆ?”

“ಇಲ್ಲ ಭಾವ.”

“ಮನೇಲಿ ಕೂತು ಏನ್ ಮಾಡ್ಲಿ ನಾನು?”

“ಮಲಗಿ,” ಎಂದಳು.

ಸಂಜೆಯೇ ಅಕ್ಕನ ಫೋನು ಬಂತು. “ಒಡಹುಟ್ಟಿದವಳಾಗಿ ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲೇ,” ಎಂದವಳೇ ಪಟ್ಟನೆ ಇಟ್ಟುಬಿಟ್ಟಳು. ಸಮಾಧಾನ ಹೇಳೋಣವೆಂದರೆ ಆಮೇಲೆ ಫೋನೇ ಎತ್ತಲಿಲ್ಲ. ಮರುದಿನ ಭಾವನ ಪರದೆ ಖಾಲಿ ಇತ್ತು. ಅವಳ ಬೆರಳು ಮಾತ್ರ ಆಗಾಗ ತಾನಾಗಿ ‘ಸುಳ್ಳು’ ಕಡೆ ಹೋಗುತ್ತಿತ್ತು. ಎಷ್ಟು ಸಲ ನೋಡದೆಯೇ ಒತ್ತಿದ್ದೆನೋ ಎಂದುಕೊಂಡು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಪಾಳಿ ಮುಗಿಯುವ ಹೊತ್ತಿಗೆ ಅಕ್ಕನೇ ಫೋನು ಮಾಡಿದಳು. ಈ ಸಲ ಬೈಯಲಿಲ್ಲ. ದನಿ ತೀರಾ ತಗ್ಗಿತ್ತು.

“ಬಂದವರು ಚಪ್ಪಲೀನೂ ಬಿಚ್ಚದೆ ಮಲಗಿದ್ರು ಕಣೇ. ಇನ್ನೂ ಎದ್ದಿಲ್ಲ. ಊಟಕ್ಕೆ ಎಬ್ಬಿಸೋಕೆ ಹೋದ್ರೆ, ನಿದ್ದೇಲೇ ಬ್ರೇಕ್ ತುಳಿದ್ರು.”



“ಎಬ್ಬಿಸಬೇಡಕ್ಕ,” ಎಂದಳು ತಂಗಿ.

“ಇಲ್ಲ,” ಎಂದಳು ಅಕ್ಕ. “ಪಕ್ಕದಲ್ಲೇ ಕೂತಿದೀನಿ.”