ಗಣಿಯ ಬಾಯಲ್ಲಿ ನಿಂತವಳು

ಮತ್ತೆ ನಗುತ್ತಿದ್ದಾರೆ, ಟೀವಿಯ ಬೆಳಕು ಅವರ ಕನ್ನಡಕದ ಮೇಲೆ ಕುಣಿಯುತ್ತಿದೆ, ನಾನು ಹಿಡಿದ ಚಮಚ ಅವರ ಬಾಯಿಯ ಹತ್ತಿರವೇ ನಿಂತಿದೆ, ಬಾಯಿ ತೆಗೀರಿ ಅಂದರೆ ಇರು, ಅವಳು ಬರೋ ಹೊತ್ತಾಯ್ತು ಅನ್ನುತ್ತಾರೆ, ಅವಳು — ಯಾವ ಅವಳು, ಇವರ ಮೇಲೆ ಸಿನಿಮಾ ಮಾಡಿದ ನಿರ್ದೇಶಕ ಹುಟ್ಟಿಸಿದ ಅವಳು, ನೀಲಿ ಕೊಡೆಯ ನರ್ಸು, ಇವರ ಎಪ್ಪತ್ತೆಂಟು ವರ್ಷದ ಬದುಕಿನಲ್ಲಿ ಒಂದು ದಿನವೂ ಇಲ್ಲದವಳು. ಗಣಿ ಕುಸಿದು ಇವರು ಒಳಗೆ ಸಿಕ್ಕಿಕೊಂಡ ಆ ನಾಲ್ಕು ದಿನ ಗಣಿಯ ಬಾಯಲ್ಲಿ ನಿಂತವಳು ನಾನು, ಸೊಂಟದ ಮೇಲೆ ಮಗಳು, ಕಾಲಲ್ಲಿ ಒಂದೇ ಚಪ್ಪಲಿ, ಕೊಡೆ ಎಲ್ಲಿಂದ ಬರಬೇಕು — ಅದನ್ನೆಲ್ಲ ಇದೇ ಕುರ್ಚಿಯಲ್ಲಿ ಕೂತು ನಿರ್ದೇಶಕನಿಗೆ ಹೇಳಿದ್ದೆ, ಕಣ್ಣಲ್ಲಿ ನೀರು ತಂದುಕೊಂಡು ಬರೆದುಕೊಂಡಿದ್ದ, ಬರೆದುಕೊಂಡು ಹೋಗಿ ನನ್ನನ್ನೇ ಅಳಿಸಿಹಾಕಿದ. ಫೋನು ಮಾಡಿ ಕೇಳಿದರೆ, ಹೆಂಡತಿ ಕಾಯೋದು ಎಲ್ಲರಿಗೂ ಗೊತ್ತಿರೋದೇ ಅಲ್ವಾಮ್ಮ, ನೋಡೋರಿಗೆ ಸ್ವಲ್ಪ ಪ್ರೀತಿ ಬೇಕು, ಕೆಲವು ಪಾತ್ರ ಕಾಲ್ಪನಿಕ ಅಂತ ಶುರುವಿನಲ್ಲೇ ಹಾಕಿದೀವಲ್ಲ — ಪ್ರೀತಿ ಬೇಕಂತೆ, ಹಾಗಾದರೆ ನಾನಲ್ಲಿ ಏನು, ಬಸ್ಸಿಗೆ ಕಾಯುತ್ತಿದ್ದೆನಾ? ಆ ಅಕ್ಷರ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ, ಇವರೆಲ್ಲಿ ಓದಬೇಕು, ಎರಡು ವರ್ಷದಿಂದ ನೆನಪು ಸೋರುತ್ತಿರುವ ತಲೆ, ಖಾಲಿಯಾದ ಮೂಲೆಮೂಲೆಗೂ ಅವಳು ಬಂದು ಕಾಲು ಚಾಚಿ ಕೂತಿದ್ದಾಳೆ. ಇಲ್ಲದೇ ಇರೋಳ ಮೇಲೆ ಹೊಟ್ಟೆ ಉರ್ಕೋತೀಯಲ್ಲಮ್ಮ ಎಂದು ಮಗಳು ನಗುತ್ತಾಳೆ, ಇದ್ದಿದ್ರೆ ಜುಟ್ಟು ಹಿಡಿದು ಕೇಳ್ತಿದ್ದೆ ಕಣೇ, ಇಲ್ಲದವಳಿಗೆ ಮಂಡಿನೋವು ಬರುವುದಿಲ್ಲ, ಕೂದಲು ಉದುರುವುದಿಲ್ಲ, ಉಪ್ಪು ಜಾಸ್ತಿಯಾಯಿತೆಂದು ಬೈಸಿಕೊಳ್ಳುವುದೂ ಇಲ್ಲ. ನಿನ್ನೆ ಟೀವಿ ಆರಿಸಿದೆ, ಮಗುವಿನ ಹಾಗೆ ಅತ್ತರು, ಮತ್ತೆ ಹಾಕಿದೆ, ನನ್ನ ಕೈಯಾರೆ ಅವಳನ್ನು ಕರೆದುಕೊಟ್ಟೆ. ಇವತ್ತು ಬಿಡುವುದಿಲ್ಲ, ಚಮಚ ಕೆಳಗಿಟ್ಟೆ, ಅವರ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿದೆ, ರೀ, ಇಲ್ಲಿ ನೋಡಿ, ಅಲ್ಲಿ ನಿಂತಿದ್ದು ನಾನು, ನಿಮ್ಮನ್ನ ಮೇಲಕ್ಕೆ ತಂದಾಗ ಓಡಿ ಬಂದಿದ್ದು ನಾನು ಕಣ್ರೀ — ನೋಡಿದರು, ಎಷ್ಟೋ ವರ್ಷದ ಮೇಲೆ ಅಷ್ಟು ಹೊತ್ತು ನೋಡಿದರು, ನನ್ನ ಎದೆ ಹುಡುಗಿಯ ಎದೆಯ ಹಾಗೆ ಹೊಡೆದುಕೊಂಡಿತು, ಆಮೇಲೆ ಕಿವಿಯ ಹತ್ತಿರ ಬಗ್ಗಿ, ಗುಟ್ಟು ಹೇಳುವವರ ಹಾಗೆ, ನನ್ನ ಹೆಂಡತಿಗೆ ಮಾತ್ರ ಹೇಳ್ಬೇಡ, ಪಾಪ, ನೊಂದ್ಕೋತಾಳೆ ಎಂದರು, ಎಂದು ಕುರ್ಚಿಯ ತೋಳು ಹಿಡಿದು ಎದ್ದರು, ಟೀವಿಯವರೆಗೂ ಹೋದರು, ಅವಳ ಕೆನ್ನೆಗೆ ಮೆತ್ತಿದ ಕಲ್ಲಿದ್ದಲಿನ ಮಸಿಯನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದಾರೆ, ಮೆಲ್ಲಗೆ, ಗಾಜಿನ ಮೇಲೆ ಆ ಹೆಬ್ಬೆರಳು, ಒರೆಸುತ್ತಿದ್ದಾರೆ, ಆ ಹೆಬ್ಬೆರಳು —